ಗಿಡಮೂಲಿಕೆಯ ಡಬ್ಬಿ ಮತ್ತು ಸಕ್ಕರೆ ಕಾಯಿಲೆ



ಸಕ್ಕರೆ ಕಾಯಿಲೆಯವರು ಒಬ್ಬರೂ ಇಲ್ಲದ ಮನೆ ಇಂದು ಅಪರೂಪ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇಷ್ಟು ಜನರ ಆತಂಕ ಇರುವ ಕಡೆ ವ್ಯಾಪಾರವೂ ಬೇರೂರುತ್ತದೆ. ಪುಡಿ, ಕಷಾಯ, ರಸ, ಕ್ಯಾಪ್ಸೂಲು ಎಂದು ಬಗೆಬಗೆಯ ಡಬ್ಬಿಗಳು ಇಂದು ಅಂಗಡಿಗಳಲ್ಲಿಯೂ ಮೊಬೈಲಿನ ಸಂದೇಶಗಳಲ್ಲಿಯೂ ನಮ್ಮನ್ನು ಹುಡುಕಿಕೊಂಡು ಬರುತ್ತಿವೆ. "ನೈಸರ್ಗಿಕ", "ಅಡ್ಡಪರಿಣಾಮವಿಲ್ಲ", "ಮಾತ್ರೆಯಿಂದ ಬಿಡುಗಡೆ" ಎಂಬ ಮೂರು ಮಾತುಗಳು ಹೆಚ್ಚುಕಡಿಮೆ ಎಲ್ಲ ಡಬ್ಬಿಗಳ ಜೊತೆಗೂ ಬರುತ್ತವೆ.

ಇವೆಲ್ಲವೂ ಮೋಸವೆಂದು ತಳ್ಳಿಬಿಡುವುದು ಸುಲಭ. ಎಲ್ಲವನ್ನೂ ನಂಬುವುದು ಇನ್ನೂ ಸುಲಭ. ಎರಡರಲ್ಲಿಯೂ ವಿವೇಕವಿಲ್ಲ. ಪವಿತ್ರ ಗ್ರಂಥದ ಸಿರಾಖನ ಪುಸ್ತಕದ 38ನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ನೆಲದಿಂದ ಹುಟ್ಟುವ ಮದ್ದನ್ನು ಜ್ಞಾನಿ ತಾತ್ಸಾರ ಮಾಡುವುದಿಲ್ಲ ಎಂಬ ಅಭಿಪ್ರಾಯ ಅಲ್ಲಿದೆ. ವೈದ್ಯನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು ಎಂಬ ಬೋಧನೆಯೂ ಅದೇ ಅಧ್ಯಾಯದಲ್ಲಿದೆ. ಗಿಡವೋ ವೈದ್ಯನೋ ಎಂದು ಒಂದನ್ನು ಆರಿಸಿಕೊಳ್ಳಬೇಕಾದ ಸಂದರ್ಭವೇ ಅಲ್ಲಿ ಇಲ್ಲ. ಈ ವಾರದ ಪಾಠಕ್ಕೆ ಅಷ್ಟೇ ತಳಹದಿ. ಇನ್ನು ವಿಷಯಕ್ಕೆ ಬರೋಣ.

ದೇಹದೊಳಗಿನ ಲೆಕ್ಕಾಚಾರ

ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಕರಗಿ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆ ಗ್ಲೂಕೋಸ್ ಜೀವಕೋಶಗಳ ಒಳಗೆ ಹೋಗಲು ಬೇಕಾದ ಬೀಗದ ಕೈ ಇನ್ಸುಲಿನ್. ಅದನ್ನು ತಯಾರಿಸುವುದು ಮೇದೋಜೀರಕ ಗ್ರಂಥಿ. ಟೈಪ್ 1 ಎಂಬ ವಿಧದಲ್ಲಿ ಬೀಗದ ಕೈ ಹೆಚ್ಚುಕಡಿಮೆ ತಯಾರಾಗುವುದೇ ಇಲ್ಲ. ಟೈಪ್ 2ರಲ್ಲಿ ಬೀಗದ ಕೈ ಇದ್ದರೂ ಬೀಗ ತುಕ್ಕು ಹಿಡಿದಿರುತ್ತದೆ. ವರ್ಷಗಳು ಕಳೆದಂತೆ ಕೈಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ನಮ್ಮ ಹಿರಿಯರಲ್ಲಿ ಬಹುಪಾಲು ಜನರಿಗೆ ಇರುವುದು ಈ ಎರಡನೆಯ ವಿಧ.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಹಜ. 100ರಿಂದ 125ರವರೆಗೆ ಇದ್ದರೆ ಹೊಸ್ತಿಲು. 126 ಅಥವಾ ಹೆಚ್ಚು ಇದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಸಕ್ಕರೆ ಕಾಯಿಲೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ ಶೇಕಡಾ 6.5 ಗಡಿರೇಖೆ. ಆದರೆ ಸಕ್ಕರೆ ಒಂಟಿಯಾಗಿ ಬರುವುದು ಕಡಿಮೆ. ಸೊಂಟದ ಸುತ್ತಳತೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಒಳ್ಳೆಯ ಕೊಲೆಸ್ಟರಾಲ್, ಬರಿಹೊಟ್ಟೆಯ ಸಕ್ಕರೆ ಎಂಬ ಐದು ಅಳತೆಗಳಲ್ಲಿ ಮೂರು ಹದ ತಪ್ಪಿದ್ದರೆ ದೇಹದ ಇಡೀ ಲೆಕ್ಕಾಚಾರವೇ ತಪ್ಪಿದೆ ಎಂದು ವೈದ್ಯರು ತಿಳಿಯುತ್ತಾರೆ. ನಮ್ಮ ಜನರಿಗೆ ಸೊಂಟದ ಗಡಿ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್. ದರ್ಜಿಯ ಟೇಪು ಇದ್ದರೆ ಇದನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು.

ಗಿಡದಿಂದ ಮಾತ್ರೆಗೆ ನಡೆದ ದಾರಿ

"ಇಂಗ್ಲಿಷ್ ಮಾತ್ರೆ ಬೇಡ, ಗಿಡದ ಮದ್ದು ಸಾಕು" ಎನ್ನುವವರು ಒಂದು ಸಂಗತಿ ತಿಳಿದಿರಬೇಕು. ಸಕ್ಕರೆ ಕಾಯಿಲೆಗೆ ವೈದ್ಯರು ಅತಿ ಹೆಚ್ಚಾಗಿ ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೇ ಒಂದು ಗಿಡ. ಯುರೋಪಿನಲ್ಲಿ ಬೆಳೆಯುವ ಗಲೀಗಾ ಎಂಬ ನೇರಳೆ ಹೂವಿನ ಗಿಡವನ್ನು ಅಲ್ಲಿಯ ಜನ ಶತಮಾನಗಳ ಕಾಲ ಮದ್ದಾಗಿ ಬಳಸುತ್ತಿದ್ದರು. ಅದರಲ್ಲಿ ಸಕ್ಕರೆ ಇಳಿಸುವ ಗುಣದ ಒಂದು ವಸ್ತುವಿದೆ. ಆದರೆ ಅದೇ ವಸ್ತು ವಿಷವೂ ಹೌದು; ಆ ಗಿಡವನ್ನು ಮೇಯ್ದು ಕುರಿಗಳು ಸತ್ತದ್ದುಂಟು. ವಿಜ್ಞಾನಿಗಳು ಅದರ ಬಂಧುವಾದ, ಆದರೆ ಅಷ್ಟು ಅಪಾಯವಿಲ್ಲದ ಮೆಟ್‌ಫಾರ್ಮಿನನ್ನು 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ ಫಲವನ್ನು 1957ರಲ್ಲಿ ಪ್ರಕಟಿಸಿದರು. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1994ರಲ್ಲಿ.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಗಿಡದಲ್ಲಿ ನಿಜವಾದ ಮದ್ದು ಇರಬಹುದು ಎಂಬುದು ಮೊದಲನೆಯದು. ಆ ಮದ್ದನ್ನು ವಿಷದಿಂದ ಬೇರ್ಪಡಿಸಿ, ಅಳೆದು, ಪರೀಕ್ಷಿಸಿ, ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಸಿಗುವಂತೆ ಮಾಡಲು ಎಷ್ಟೋ ದಶಕಗಳ ಶ್ರಮ ಬೇಕಾಗುತ್ತದೆ ಎಂಬುದು ಎರಡನೆಯದು. ಡಬ್ಬಿಯ ಮೇಲೆ ಗಿಡದ ಚಿತ್ರ ಮುದ್ರಿಸಿದ ಮಾತ್ರಕ್ಕೆ ಆ ಶ್ರಮ ನಡೆದಿದೆ ಎಂದು ಅರ್ಥವಲ್ಲ.

ನಮಗೆ ಪರಿಚಿತವಾದ ಹೆಸರುಗಳು

ಈಗ ನಮ್ಮ ಅಡಿಗೆಮನೆಗೂ ಹಿತ್ತಿಲಿಗೂ ಬರೋಣ.

ಮೆಂತ್ಯ: ಇದರಲ್ಲಿ ನೀರಿನಲ್ಲಿ ಲೋಳೆಯಾಗುವ ನಾರಿನಂಶ ಹೇರಳವಾಗಿದೆ. ಆ ಲೋಳೆ ಕರುಳಿನಲ್ಲಿ ಸಕ್ಕರೆ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಟೈಪ್ 1 ರೋಗಿಗಳಿಗೆ ಮೆಂತ್ಯದ ಪುಡಿಯನ್ನು ಊಟದಲ್ಲಿ ಬೆರೆಸಿ ಕೊಟ್ಟು, ರಕ್ತದ ಸಕ್ಕರೆ ಇಳಿದದ್ದನ್ನು 1990ರಲ್ಲಿ ಪ್ರಕಟಿಸಿದರು. ಆದರೆ ಅವರು ಕೊಟ್ಟ ಪ್ರಮಾಣ ಎಷ್ಟು ಗೊತ್ತೇ? ಎಣ್ಣೆಯ ಅಂಶ ತೆಗೆದ ಪುಡಿ ದಿನಕ್ಕೆ 100 ಗ್ರಾಂ, ಎರಡು ಹೊತ್ತಿಗೆ ಹಂಚಿ, ಹತ್ತು ದಿನಗಳ ಕಾಲ. ರಾತ್ರಿ ನೆನೆಸಿಟ್ಟ ಒಂದು ಚಮಚ ಮೆಂತ್ಯದಿಂದ ಅದೇ ಫಲವನ್ನು ನಿರೀಕ್ಷಿಸುವುದು ಸರಿಯಲ್ಲ. ಆಹಾರವಾಗಿ ಮೆಂತ್ಯ ಒಳ್ಳೆಯದು, ತಿನ್ನಿ. ಅದನ್ನು ಮಾತ್ರೆಯ ಬದಲಿ ಎಂದು ಎಣಿಸಬೇಡಿ.

ಹಾಗಲಕಾಯಿ: ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2012ರಲ್ಲಿ ಹಾಗಲಕಾಯಿಯನ್ನೂ ತೂಗಿತು. ಟೈಪ್ 2 ಕಾಯಿಲೆಗೆ ಇದನ್ನು ಮದ್ದೆಂದು ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂಬುದು ಅದರ ತೀರ್ಮಾನ. ಪಲ್ಯ, ಗೊಜ್ಜು ಮಾಡಿ ಉಣ್ಣಲು ಯಾರ ಅಡ್ಡಿಯೂ ಇಲ್ಲ.

ಮಧುನಾಶಿನಿ: ಇದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯುವುದಿಲ್ಲ, ಮರಳು ತಿಂದಂತಾಗುತ್ತದೆ. ಇದನ್ನು ಕಂಡವರಿಗೆ "ರಕ್ತದ ಸಕ್ಕರೆಯನ್ನೂ ಇದು ಹೀಗೆಯೇ ಕೊಲ್ಲುತ್ತದೆ" ಎನಿಸುವುದು ಸಹಜ. ಆದರೆ ಇಲ್ಲಿ ಮರೆಯಾದದ್ದು ನಾಲಿಗೆಯ ರುಚಿಯೇ ಹೊರತು ಸಕ್ಕರೆಯಲ್ಲ. ಮದರಾಸು ವಿಶ್ವವಿದ್ಯಾನಿಲಯದ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 22 ಮಂದಿ ಟೈಪ್ 2 ರೋಗಿಗಳು ತಮ್ಮ ಮಾತ್ರೆಯ ಜೊತೆಗೆ ಇದರ ಸಾರವನ್ನು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೇವಿಸಿದರು. ಐವರು ಮಾತ್ರೆ ನಿಲ್ಲಿಸಲು ಸಾಧ್ಯವಾಯಿತು ಎಂದು ವರದಿಯಾಯಿತು. ಆಶೆ ಹುಟ್ಟಿಸುವ ಸುದ್ದಿಯೇ. ಆದರೆ 22 ಜನರ ಅನುಭವದಿಂದ 10 ಕೋಟಿ ಜನರಿಗೆ ಔಷಧಿ ಬರೆಯಲು ಬರುವುದಿಲ್ಲ.

ಇನ್ಸುಲಿನ್ ಗಿಡ: ಈಗ ಎಷ್ಟೋ ಅಂಗಳಗಳಲ್ಲಿ ಈ ಹೆಸರಿನ ಗಿಡ ಬೆಳೆಯುತ್ತಿದೆ. ಹೆಸರಿಗೆ ಮೋಸಹೋಗಬೇಡಿ. ಎಲೆ ಅಗಿದರೆ ದೇಹಕ್ಕೆ ಇನ್ಸುಲಿನ್ ದೊರೆಯುವುದಿಲ್ಲ. ಚುಚ್ಚುಮದ್ದಿನ ಇನ್ಸುಲಿನನ್ನೇ ಬಾಯಿಯಿಂದ ಕುಡಿದರೂ ಅದು ಹೊಟ್ಟೆಯಲ್ಲಿ ಬೇರೆ ಪ್ರೋಟೀನುಗಳಂತೆ ಜೀರ್ಣವಾಗಿ ಹೋಗುತ್ತದೆ. ಆದ್ದರಿಂದಲೇ ಅದನ್ನು ಚುಚ್ಚಬೇಕಾಗಿದೆ.

ಇಸಬ್‌ಗೋಲ್: ಇದು ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆಯುವ ಬೀಜದ ಹೊಟ್ಟು. ಮಲಬದ್ಧತೆಗೆಂದು ಎಲ್ಲರಿಗೂ ಗೊತ್ತು. ಇದರ ಲೋಳೆ ಪಿತ್ತರಸದ ಅಂಶಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ತಯಾರಿಸಲು ಪಿತ್ತಜನಕಾಂಗವು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ಹೀಗೆ ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ. ಇದಕ್ಕೆ ಪುರಾವೆ ಗಟ್ಟಿಯಾಗಿರುವುದರಿಂದ, ಹೃದಯರೋಗದ ಅಪಾಯವನ್ನು ಇದು ತಗ್ಗಿಸಬಹುದೆಂದು ಪೊಟ್ಟಣದ ಮೇಲೆ ಮುದ್ರಿಸಲು ಅಮೆರಿಕ ಸರಕಾರ 1998ರಲ್ಲಿ ಒಪ್ಪಿತು. ಆದರೆ ಧಾರಾಳ ನೀರು ಕುಡಿಯದಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗಳ ಜೊತೆಗೇ ನುಂಗಿದರೆ ಅವುಗಳ ಹೀರಿಕೆಗೆ ಅಡ್ಡಿಯಾಗಬಹುದು. ಒಂದೆರಡು ಗಂಟೆ ಅಂತರವಿರಲಿ. ಹೆಚ್ಚು ಜಾಹೀರಾತಿಲ್ಲದ ಈ ಅಗ್ಗದ ವಸ್ತುವಿಗೆ ದುಬಾರಿ ಡಬ್ಬಿಗಳಿಗಿಂತ ಹೆಚ್ಚು ಪುರಾವೆ ಇರುವುದು ಗಮನಾರ್ಹ.

ಕಾಗೆ ಕೂತದ್ದು, ಕೊಂಬೆ ಮುರಿದದ್ದು

"ಆದರೆ ನಮ್ಮ ಪಕ್ಕದ ಮನೆಯವರಿಗೆ ಗುಣವಾಯಿತಲ್ಲ ಫಾದರ್!" ಎಂದು ನೀವು ಕೇಳಬಹುದು. ತರ್ಕಶಾಸ್ತ್ರದಲ್ಲಿ ಕಲಿಸುವ ಮೊದಲ ಎಚ್ಚರಿಕೆಗಳಲ್ಲಿ ಒಂದು ಇದು: ಒಂದರ ನಂತರ ಇನ್ನೊಂದು ಸಂಭವಿಸಿದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬೇಕಿಲ್ಲ. ನಮ್ಮ ಹಿರಿಯರು ಇದನ್ನು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರು.

ಇದಕ್ಕೆ ನಮ್ಮ ಮಲೆನಾಡಿನ ಒಂದು ಹಣ್ಣೇ ಸಾಕ್ಷಿ. ಪಶ್ಚಿಮ ಘಟ್ಟದ ಉಪ್ಪಾಗೆಯನ್ನು ನಮ್ಮಲ್ಲಿ ಹುಳಿಗೆ ಬಳಸುತ್ತಾರೆ; ಕೊಡಗಿನ ಕಾಚಂಪುಳಿಯೂ ಅದರಿಂದಲೇ. ಆ ಹಣ್ಣಿನ ಸಿಪ್ಪೆಯ ಹುಳಿ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರ ವಿದೇಶಗಳಲ್ಲಿ ಎದ್ದು, ಗಾರ್ಸಿನಿಯಾ ಎಂಬ ಹೆಸರಿನಲ್ಲಿ ಕ್ಯಾಪ್ಸೂಲುಗಳು ಬಂದವು. ಅಮೆರಿಕದಲ್ಲಿ 135 ಮಂದಿ ದಪ್ಪ ಮೈಯವರನ್ನು ಎರಡು ಗುಂಪು ಮಾಡಿ ಪರೀಕ್ಷಿಸಲಾಯಿತು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಗಾರ್ಸಿನಿಯಾ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಸತ್ವವಿಲ್ಲದ ಕ್ಯಾಪ್ಸೂಲು. ಎರಡೂ ಗುಂಪಿನವರಿಗೆ ಒಂದೇ ಬಗೆಯ ಮಿತವಾದ ಊಟ. ಹನ್ನೆರಡು ವಾರಗಳ ನಂತರ ಗಾರ್ಸಿನಿಯಾ ಗುಂಪಿನವರ ತೂಕ ಸರಾಸರಿ 3.2 ಕಿಲೋ ಇಳಿದಿತ್ತು. ಸತ್ವವಿಲ್ಲದ ಕ್ಯಾಪ್ಸೂಲು ನುಂಗಿದವರದು 4.1 ಕಿಲೋ ಇಳಿದಿತ್ತು!

ಎರಡನೆಯ ಗುಂಪು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು? "ಮೂರು ಕಿಲೋ ಇಳಿಸಿದ ಪವಾಡದ ಹಣ್ಣು" ಎಂದು ಎಲ್ಲರೂ ಸಾಕ್ಷಿ ಹೇಳುತ್ತಿದ್ದರು. ಸಾಕ್ಷಿ ಹೇಳಿದವರು ಸುಳ್ಳುಗಾರರಾಗಿರುತ್ತಿರಲಿಲ್ಲ. ಅವರ ತೂಕ ನಿಜವಾಗಿಯೂ ಇಳಿದಿತ್ತು. ಇಳಿಸಿದ್ದು ಮಾತ್ರ ಊಟದ ಮಿತಿ. ಪಕ್ಕದ ಮನೆಯವರೂ ಪುಡಿ ಶುರುಮಾಡಿದ ದಿನವೇ ಸಕ್ಕರೆ ಚಹಾ ಬಿಟ್ಟು, ಬೆಳಿಗ್ಗೆ ನಡೆಯಲು ಆರಂಭಿಸಿರಬಹುದು. ಕೇಳಿ ನೋಡಿ.

ನೈಸರ್ಗಿಕ ಎಂದರೆ ನಿರಪಾಯವೇ?

ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅರಿಶಿನವನ್ನು ನೋಡಿ. ಸಾರಿನಲ್ಲಿ ಚಿಟಿಕೆ ಅರಿಶಿನ ತಿಂದರೆ ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೆಂಗಳೂರಿನ ನಮ್ಮ ಸಂತ ಯೊವಾನ್ನರ ವೈದ್ಯಕೀಯ ಕಾಲೇಜಿನ, ಅಂದರೆ ಸೇಂಟ್ ಜಾನ್ಸ್‌ನ ಸಂಶೋಧಕರು 1998ರಲ್ಲಿ ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು: ಕರಿಮೆಣಸಿನ ಪೈಪರಿನ್ ಎಂಬ ಅಂಶವನ್ನು ಜೊತೆಗೆ ಕೊಟ್ಟರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚುತ್ತದೆ. ಇಂದು ಎಷ್ಟೋ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಪೈಪರಿನ್ ಸೇರಿರುತ್ತದೆ. ಒಳಗೆ ಹೋಗುವುದು ಹೆಚ್ಚಿದಾಗ, ಕೆಲವರ ದೇಹಕ್ಕೆ ಹಾನಿಯೂ ಹೆಚ್ಚಬಹುದು. ಅರಿಶಿನದ ಪೂರಕಗಳಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ 10 ಮಂದಿಯ ವಿವರ 2022ರಲ್ಲಿ ಅಮೆರಿಕದಿಂದ ವರದಿಯಾಯಿತು. ಅವರಲ್ಲಿ ಒಬ್ಬರು ತೀರಿಕೊಂಡರು. ಇಂಥದ್ದು ಅಪರೂಪವೇ. ಆದರೆ ಸಾರಿನ ಅರಿಶಿನವೂ ಡಬ್ಬಿಯ ಅರಿಶಿನವೂ ಒಂದೇ ಅಲ್ಲ ಎಂಬುದಕ್ಕೆ ಅಷ್ಟು ಸಾಕು.

ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿಯದವರು ಕಡಿಮೆ. ಅದನ್ನು ಸೇವಿಸಿದ ನಂತರ ಪಿತ್ತಜನಕಾಂಗಕ್ಕೆ ಹಾನಿಯಾದ 43 ರೋಗಿಗಳ ವಿವರವನ್ನು ಭಾರತದ 13 ಆಸ್ಪತ್ರೆಗಳ ವೈದ್ಯರು 2022ರಲ್ಲಿ ಪ್ರಕಟಿಸಿದರು. ಸರಿಯಾದ ಅಮೃತಬಳ್ಳಿ ಸುರಕ್ಷಿತವೆಂದೂ ಅದೇ ಜಾತಿಯ ಬೇರೊಂದು ಬಳ್ಳಿಯೊಡನೆ ಗೊಂದಲವಾಗುತ್ತಿದೆಯೆಂದೂ ಕೇಂದ್ರದ ಆಯುಷ್ ಸಚಿವಾಲಯ ಹೇಳಿತು. ಈ ಚರ್ಚೆಯಲ್ಲಿ ಯಾರ ಮಾತನ್ನು ಒಪ್ಪಿದರೂ ನಮಗೆ ಉಳಿಯುವ ಪಾಠ ಒಂದೇ: ಪುಡಿಯಾದ ಮೇಲೆ ಯಾವ ಬಳ್ಳಿ ಯಾವುದೆಂದು ಕಣ್ಣಿನಿಂದ ಗುರುತಿಸಲು ಸಾಧ್ಯವಿಲ್ಲ.

ಇನ್ನೂ ಕೆಟ್ಟದ್ದು ಕಲಬೆರಕೆ. 2008ರಲ್ಲಿ ಸಿಂಗಪುರದಲ್ಲಿ ಸಕ್ಕರೆ ಕಾಯಿಲೆಯೇ ಇಲ್ಲದ ಸುಮಾರು 150 ಮಂದಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿದು ಆಸ್ಪತ್ರೆ ಸೇರಿದರು, ನಾಲ್ವರು ಸತ್ತರು. ಅವರು ಸೇವಿಸಿದ್ದ ನಕಲಿ ಗುಳಿಗೆಗಳಲ್ಲಿಯೂ ಗಿಡಮೂಲಿಕೆ ಎಂದು ಮಾರಿದ್ದ ಗುಳಿಗೆಗಳಲ್ಲಿಯೂ ಗ್ಲೈಬೆನ್‌ಕ್ಲಮೈಡ್ ಎಂಬ ಸಕ್ಕರೆ ಇಳಿಸುವ ಔಷಧಿ ಸಿಕ್ಕಿತು. ಆದ್ದರಿಂದ ಯಾವುದೋ ಪುಡಿ ಮೂರೇ ದಿನಗಳಲ್ಲಿ ಸಕ್ಕರೆಯನ್ನು ಭರ್ರನೆ ಇಳಿಸಿದರೆ ಸಂತೋಷಪಡುವ ಮೊದಲು ಅನುಮಾನಪಡಿ.

ಕಾನೂನು ಸಹ ನಮ್ಮ ಪರವಾಗಿದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತೇವೆ ಎಂಬ ಜಾಹೀರಾತುಗಳನ್ನು ನಿಷೇಧಿಸಿದೆ. ಆಹಾರ ಪೂರಕಗಳ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಹೊರಡಿಸಿದ ನಿಯಮಗಳು, ಅದು ಔಷಧಿಯ ಬಳಕೆಗಲ್ಲ ಎಂದು ಡಬ್ಬಿಯ ಮೇಲೆ ಎದ್ದುಕಾಣುವಂತೆ ಬರೆಯಬೇಕೆಂದು ವಿಧಿಸಿದವು. ಮಾರುವವನ ಬಾಯಿ ಮದ್ದು ಎನ್ನುತ್ತದೆ; ಅವನ ಡಬ್ಬಿ ಮದ್ದಲ್ಲ ಎನ್ನುತ್ತದೆ. ಚೀಟಿಯನ್ನು ಓದಿ.

ನಿಲ್ಲಿಸಬಾರದ ಮದ್ದು

ಈ ಪಾಠದ ತಿರುಳು ಇಲ್ಲಿದೆ. ಪುಡಿಯಿಂದ ಆಗುವ ಹಾನಿಗಿಂತ, ಪುಡಿಯನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ಬಿಟ್ಟುಬಿಡುವುದರಿಂದ ಆಗುವ ಹಾನಿ ದೊಡ್ಡದು. ಸಕ್ಕರೆ ಏರಿದಾಗ ಸಾಮಾನ್ಯವಾಗಿ ನೋವಿರುವುದಿಲ್ಲ. "ಆರಾಮವಾಗಿದ್ದೇನೆ" ಎನ್ನುತ್ತಿರುವಾಗಲೇ ಕಣ್ಣು, ಮೂತ್ರಪಿಂಡ, ಪಾದಗಳ ನರಗಳು ಮೆಲ್ಲಗೆ ಸವೆಯುತ್ತಿರುತ್ತವೆ.

ಟೈಪ್ 1 ಇರುವ ಮಕ್ಕಳ ವಿಷಯದಲ್ಲಂತೂ ವರ್ಷಗಳ ಮಾತಿಲ್ಲ, ದಿನಗಳ ಮಾತು. 1922ಕ್ಕೆ ಮುಂಚೆ ಆ ಮಕ್ಕಳು ಉಳಿಯುತ್ತಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಸಾವಿನ ಅಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಮೊದಲ ಚುಚ್ಚುಮದ್ದು ಅಷ್ಟು ಶುದ್ಧವಾಗಿರಲಿಲ್ಲ. ಹನ್ನೆರಡು ದಿನಗಳ ನಂತರ ಶುದ್ಧೀಕರಿಸಿ ಕೊಟ್ಟದ್ದು ಫಲಿಸಿತು. ಆ ಹುಡುಗ ಇನ್ನೂ 13 ವರ್ಷ ಬದುಕಿದ. ಅದಕ್ಕೆ ಹಿಂದೆಯೂ ಲೋಕದಲ್ಲಿ ಗಿಡಮೂಲಿಕೆಗಳಿಗೆ ಕೊರತೆ ಇರಲಿಲ್ಲ ಎಂಬುದನ್ನು ತಾಯಿತಂದೆಯರು ನೆನಪಿಡಬೇಕು. ಇಂಥ ಮಗುವಿನ ಇನ್ಸುಲಿನನ್ನು ಯಾರ ಮಾತು ಕೇಳಿಯೂ, ಯಾವ ಹರಕೆಯ ಹೆಸರಿನಲ್ಲಿಯೂ ಒಂದು ದಿನವೂ ನಿಲ್ಲಿಸಬೇಡಿ. ಪ್ರಾರ್ಥನೆ ಮಾಡಿ, ಚುಚ್ಚುಮದ್ದನ್ನೂ ಕೊಡಿ.

ಮಾತ್ರೆಯ ಜೊತೆಗೆ ಪುಡಿಯನ್ನೂ ಸೇವಿಸುವವರಿಗೆ ಇನ್ನೊಂದು ಎಚ್ಚರಿಕೆ. ಎರಡೂ ಸೇರಿ ಸಕ್ಕರೆಯನ್ನು ತೀರಾ ಕೆಳಗಿಳಿಸಬಹುದು. ಬೆವರು, ನಡುಕ, ವಿಪರೀತ ಹಸಿವು, ಮಾತು ತೊದಲುವುದು ಇದರ ಗುರುತುಗಳು. ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೀವು ಸೇವಿಸುವ ಎಲ್ಲ ಪುಡಿ, ಕಷಾಯಗಳ ಹೆಸರನ್ನು ವೈದ್ಯರಿಗೆ ತಿಳಿಸಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

ಡಬ್ಬಿಯಲ್ಲಿ ಸಿಗದ ಮದ್ದು

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ಚೆನ್ನೈಯ ವೈದ್ಯ ರಾಮಚಂದ್ರನ್ ಮತ್ತು ಸಂಗಡಿಗರು ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಮೂರು ವರ್ಷ ಅನುಸರಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಆರೈಕೆ ಇಲ್ಲದ ಗುಂಪಿನಲ್ಲಿ ಶೇಕಡಾ 55 ಜನರಿಗೆ ಕಾಯಿಲೆ ಬಂತು. ಊಟದ ಕ್ರಮ ಬದಲಿಸಿ ಪ್ರತಿದಿನ ನಡೆದವರಲ್ಲಿ ಅದು ಶೇಕಡಾ 39ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ನುಂಗಿದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಶೇಕಡಾ 40. ಅಂದರೆ ಹೊಸ್ತಿಲಲ್ಲಿ ನಿಂತವನಿಗೆ ನಡಿಗೆಯೂ ಮಿತವಾದ ಊಟವೂ ಮಾತ್ರೆಗೆ ಸರಿಸಮ. ಇದಕ್ಕೆ ಡಬ್ಬಿಯೂ ಬೇಡ, ಕಾಸೂ ಬೇಡ.

ಗಿಡದ ಸತ್ವ ನಮಗೆ ಸಿಗಬೇಕಾದ ಜಾಗ ಮೊದಲು ತಟ್ಟೆ: ಅನ್ನ ಕಡಿಮೆ, ಸೊಪ್ಪು, ತರಕಾರಿ, ಕಾಳು ಹೆಚ್ಚು. ರಾಗಿ ಮುದ್ದೆಯೂ ಪಿಷ್ಟವೇ ಆದ್ದರಿಂದ ಅದಕ್ಕೂ ಮಿತಿ ಬೇಕು. ಹಬ್ಬ, ಮದುವೆಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ "ಒಂದು ದಿನ ಪರವಾಗಿಲ್ಲ, ತಿನ್ನಿ" ಎಂದು ಒತ್ತಾಯಿಸುವುದು ಪ್ರೀತಿಯಲ್ಲ. ದೇಹ ದೇವರು ಒಪ್ಪಿಸಿದ ಸೊತ್ತು ಎಂದು ನಂಬುವ ನಮಗೆ, ಅದನ್ನು ಕಾಯುವ ಹೊಣೆ ಇಡೀ ಕುಟುಂಬದ್ದು.

ಮನೆಯಲ್ಲಿ ಕೂಡಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಈಗ ಎಷ್ಟು ಪುಡಿ, ಕಷಾಯ, ಕ್ಯಾಪ್ಸೂಲುಗಳಿವೆ? ಅವುಗಳ ಹೆಸರು, ಪ್ರಮಾಣಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿದ್ದೇವೆಯೇ?

2. ಹೊಸದೊಂದನ್ನು ಕೊಳ್ಳುವ ಮೊದಲು ಈ ಮೂರು ಪ್ರಶ್ನೆಗಳನ್ನು ಕೇಳಿದೆವೇ: ಇದು ಯಾವ ಗಿಡ? ಎಷ್ಟು ಪ್ರಮಾಣ? ಯಾರ ಮೇಲೆ ಪರೀಕ್ಷಿಸಿ ನೋಡಿದ್ದಾರೆ?

3. ಮನೆಯ ಯಾರಾದರೂ ಬೇರೆಯವರಿಗೆ ಹೇಳದೆ ಮಾತ್ರೆ ನಿಲ್ಲಿಸಿದ್ದಾರೆಯೇ? ಕಾರಣ ಹಣದ ಕೊರತೆಯಾಗಿದ್ದರೆ ಸರಕಾರಿ ಆಸ್ಪತ್ರೆಯಲ್ಲಿಯೂ ಜನೌಷಧಿ ಕೇಂದ್ರದಲ್ಲಿಯೂ ವಿಚಾರಿಸಿದ್ದೇವೆಯೇ?

4. ತಿಂಗಳಿಗೆ ಡಬ್ಬಿಗಳಿಗೆ ಸುರಿಯುವ ಹಣದಲ್ಲಿ ಎಷ್ಟು ತರಕಾರಿ, ಎಷ್ಟು ಸಲ ರಕ್ತಪರೀಕ್ಷೆ ಆಗುತ್ತದೆ? ಲೆಕ್ಕ ಹಾಕಿ ನೋಡೋಣ.